ಬಿಯರ್ ಮನೆಯ ಚರಟ ನಮ್ಮ ಹಟ್ಟಿಗೆ ಬರಬಹುದೇ?



ಬಿಯರ್ ತಯಾರಿಸುವ ಜಾಗಕ್ಕೆ ನಾನು ಹೋಗಿ ಬಂದೆ ಎಂದರೆ ನಮ್ಮ ಸೊಸೈಟಿಯಲ್ಲಿ ಈಗಲೂ ನಗುತ್ತಾರೆ. ಹೋದದ್ದು ನಿಜ. ಒಂದಲ್ಲ, ಎರಡು ಕಡೆಗೆ. ಒಬ್ಬಳೇ ಅಲ್ಲ, ನಾಲ್ಕು ಮಂದಿ ಹೆಂಗಸರು ಕೊಡೆ ಹಿಡಿದುಕೊಂಡು ಹಾಡಹಗಲಲ್ಲೇ ಹೋದೆವು. ಅಲ್ಲಿ ಕಂಡದ್ದನ್ನೂ, ಅದರ ಬಗ್ಗೆ ನನಗೆ ಅನ್ನಿಸಿದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಅದು 2024ರ ಜುಲೈ ಕೊನೆ. ಆ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು. ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಮಣ್ಣು ಜಾರಿ ಶಿರಾಡಿ ಘಾಟಿಯ ರಸ್ತೆ ಆಗಾಗ ಬಂದ್ ಆಗುತ್ತಿತ್ತು. ಜುಲೈ 26, ಶುಕ್ರವಾರ, ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣೇ ಕುಸಿಯಿತು. ಮಂಗಳೂರು–ಬೆಂಗಳೂರು ರೈಲುಗಳು ಹತ್ತು ದಿನಕ್ಕೂ ಹೆಚ್ಚು ಕಾಲ ಓಡಲಿಲ್ಲ.

ನಾವು ಕೆಲವು ಮಹಿಳಾ ಸಂಘಗಳ ಕಾರ್ಯದರ್ಶಿಯರು, ಹಾಲು ಪರೀಕ್ಷಕಿಯರು ತರಬೇತಿಗೆಂದು ಮಂಗಳೂರಿಗೆ ಬಂದಿದ್ದೆವು. ಅದು ಮುಗಿಸಿ ಭಾನುವಾರ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಅಧ್ಯಯನ ಪ್ರವಾಸ ಹೋಗುವುದು ಎಂದಿತ್ತು. ರೈಲು ರದ್ದಾಯಿತು. ಚಾರ್ಮಾಡಿ ಮೇಲಿಂದ ಬಸ್ಸು ಮಾಡುತ್ತೇವೆ, ಒಂದು ದಿನ ಕಾಯಿರಿ ಎಂದರು. ಕೊನೆಗೆ ಅದೂ ಆಗಲಿಲ್ಲ, ಮಂಗಳವಾರ ಊರಿಗೆ ಹಿಂದಿರುಗಿದೆವು. ಹಾಗಾಗಿ ಸೋಮವಾರ ಇಡೀ ದಿನ ಊರಿಗೂ ಇಲ್ಲ, ಬೆಂಗಳೂರಿಗೂ ಇಲ್ಲ ಎಂಬಂತೆ ಪೇಟೆಯಲ್ಲಿ ಉಳಿದೆವು.

ಮನೆಯಿಂದ ಹೊರಗೆ ರಾತ್ರಿ ಉಳಿಯುವ ಹೆಂಗಸಿಗೆ ಏನು ಚಿಂತೆ ಎಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಹಟ್ಟಿಯಲ್ಲಿ ಆಗ ಮೂರು ಕರೆಯುವ ಹಸುಗಳಿದ್ದವು. ಅದರಲ್ಲಿ ಒಂದು ನನ್ನ ಕೈ ಬಿಟ್ಟು ಬೇರೆಯವರಿಗೆ ಸರಿಯಾಗಿ ಹಾಲು ಇಳಿಸುವುದಿಲ್ಲ. ಫೋನು ಮಾಡಿದರೆ ಮನೆಯವರು ಹೇಳಿದ್ದು ಅದಲ್ಲ. "ಬೈಹುಲ್ಲು ಮುಗಿಯುತ್ತಾ ಬಂತು, ಘಟ್ಟದ ಮೇಲಿನ ಲಾರಿ ಬರಲಿಲ್ಲ, ಬಂದರೂ ಈ ಸಲ ರೇಟು ಕೇಳುವುದೇ ಬೇಡ" ಎಂದರು.

ಇದು ನನ್ನ ಮನೆಯ ಕಥೆ ಮಾತ್ರವಲ್ಲ. ನಮ್ಮ ಕರಾವಳಿಯಲ್ಲಿ ಗದ್ದೆ ಕಡಿಮೆಯಾಗಿ ಅಡಿಕೆ ತೋಟ ಹೆಚ್ಚಿತು. ಒಣಹುಲ್ಲಿಗೆ ಘಟ್ಟದ ಮೇಲಿನವರನ್ನು ನೋಡಬೇಕು. ಘಾಟಿ ಬಂದ್ ಆದ ದಿನ ಪೇಟೆಯವರಿಗೆ ಪ್ರಯಾಣ ತಪ್ಪುತ್ತದೆ, ನಮಗೆ ಹಸುವಿನ ಬಾಯಿಗೆ ಮೇವು ತಪ್ಪುತ್ತದೆ. ಹಾಗಾಗಿ ಪೇಟೆಯಲ್ಲೇ ದನದ ಆಹಾರ ಏನಾದರೂ ಸಿಕ್ಕುತ್ತದೆಯೇ ಎಂಬ ಮಾತು ಆ ಬೆಳಿಗ್ಗೆ ಚಾ ಕುಡಿಯುವಾಗ ಬಂತು.

ನಮ್ಮಲ್ಲೊಬ್ಬಳ ತಮ್ಮ ಮಂಗಳೂರಿನ ಒಂದು ಮೈಕ್ರೋ ಬ್ರೂವರಿಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ಬಿಯರ್ ಕುದಿಸಿ, ಅಲ್ಲೇ ಮೇಜಿನ ಮೇಲೆ ಮಾರುವ ಸಣ್ಣ ಜಾಗ. ಕರ್ನಾಟಕದಲ್ಲಿ ಇಂಥವು 2010ರ ನಂತರ ಬಂದವು. ಬೆಂಗಳೂರಿನಲ್ಲಿ ತುಂಬ ಇವೆ, ಮಂಗಳೂರಿನಲ್ಲಿ ಬೆರಳೆಣಿಕೆ. "ವಾರಕ್ಕೆ ಎರಡು ಮೂರು ಸಲ ಡ್ರಮ್ಮುಗಟ್ಟಲೆ ಬಾರ್ಲಿ ಚರಟ ಹೊರಗೆ ಹಾಕುತ್ತಾರಂತೆ" ಎಂದಳು ಅವಳು.

"ಎಂತ ಮಾರಾಯ್ತಿ, ಗಡಂಗಿಗೆ ಹೋಗುವುದಾ ನಾವು?" ಎಂದು ಒಬ್ಬಳು ನಕ್ಕಳು. ನಮ್ಮ ಜೊತೆಗಿದ್ದ ಹಿರಿಯಕ್ಕ ಮಾತ್ರ ನಗಲಿಲ್ಲ. ಅವರ ವಿಷಯ ಆಮೇಲೆ ಹೇಳುತ್ತೇನೆ.

ಬೆಳಿಗ್ಗೆ ಹತ್ತು ಗಂಟೆಗೆ ಗಿರಾಕಿಗಳು ಇರುವುದಿಲ್ಲ. ಒಳಗೆ ಹೋದರೆ ನಮ್ಮ ಬಲ್ಕ್ ಕೂಲರಿನಂತೆಯೇ ಸ್ಟೀಲಿನ ದೊಡ್ಡ ಪಾತ್ರೆಗಳು, ಪೈಪು, ವಾಲ್ವು, ಥರ್ಮಾಮೀಟರು. ತೊಳೆಯುವ ಕ್ರಮವೂ ನಮ್ಮದರ ಹಾಗೆ, ಮೊದಲು ನೀರು, ಮತ್ತೆ ಕಾಸ್ಟಿಕ್, ಮತ್ತೆ ನೀರು. ಹುಡುಗ ವಿವರಿಸಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಕೆಲವೊಮ್ಮೆ ಸ್ವಲ್ಪ ಗೋಧಿ ಸೇರಿಸಿ, ತರಿಯಾಗಿ ಒಡೆಯುತ್ತಾರೆ. ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿ ನೀರನ್ನು ಬಸಿದುಕೊಂಡು ಬೇರೆ ಪಾತ್ರೆಯಲ್ಲಿ ಕುದಿಸಿ, ತಣಿಸಿ, ಆಮೇಲೆ ಯೀಸ್ಟ್ ಹಾಕುತ್ತಾರೆ. ಮದ್ಯದ ಅಂಶ ಹುಟ್ಟುವುದು ಯೀಸ್ಟ್ ಹಾಕಿದ ಮೇಲೆ. ಬಸಿದ ಮೇಲೆ ಮೊದಲ ಪಾತ್ರೆಯಲ್ಲಿ ಉಳಿಯುವ ಚರಟಕ್ಕೆ ಯೀಸ್ಟ್ ಮುಟ್ಟಿಯೇ ಇರುವುದಿಲ್ಲ.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ "ಬಿಯರ್ ವೇಸ್ಟ್ ತಿಂದರೆ ಹಸುವಿಗೆ ಅಮಲು ಬರುತ್ತದೆ, ಹಾಲಿನಲ್ಲಿ ಬರುತ್ತದೆ" ಎಂಬ ಮಾತು ಊರಲ್ಲಿ ಉಂಟು. ಹೊಸದಾಗಿ ತೆಗೆದ ಚರಟದಲ್ಲಿ ಮದ್ಯ ಇಲ್ಲ. ಎಣ್ಣೆ ತೆಗೆದ ಮೇಲೆ ತೆಂಗಿನ ಹಿಂಡಿ ಉಳಿಯುತ್ತದೆ, ಅಕ್ಕಿ ಮಾಡಿದ ಮೇಲೆ ತವುಡು ಉಳಿಯುತ್ತದೆ. ಇದೂ ಅದೇ ಸಾಲಿನದ್ದು. ಆದರೆ ಅದೇ ಜಾಗದಲ್ಲಿ ಇನ್ನೊಂದು ಕೆಸರು ಉಳಿಯುತ್ತದೆ, ಬಿಯರ್ ಹುದುಗಿದ ತೊಟ್ಟಿಯ ತಳದ ಯೀಸ್ಟ್. ಅದರಲ್ಲಿ ಮದ್ಯವೂ ಉಂಟು, ಜೀವಂತ ಯೀಸ್ಟೂ ಉಂಟು, ಹಸುವಿನ ಹೊಟ್ಟೆಯೊಳಗೆ ಮತ್ತೆ ಹುದುಗುತ್ತದೆ. ಅದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಹಸಿಯಾಗಿ ಹಾಕಬಾರದು. ಎರಡೂ ಒಂದೇ ಬಾಗಿಲಿನಿಂದ ಹೊರಗೆ ಬರುವುದರಿಂದ ಕೇಳಿ ತಿಳಿದುಕೊಳ್ಳಬೇಕು.

ಆ ಮೊದಲ ಜಾಗದಲ್ಲಿ ಚರಟವನ್ನು ಬಿಸಿ ಇರುವಾಗಲೇ ತೊಳೆದ ಡ್ರಮ್ಮಿಗೆ ತುಂಬಿ ಅದೇ ದಿನ ಕಳುಹಿಸುತ್ತಾರೆ. ಹಂದಿ ಸಾಕುವವರೊಬ್ಬರು ಬಂದು ಒಯ್ಯುತ್ತಾರಂತೆ. ಕೈಯಲ್ಲಿ ಹಿಡಿದು ನೋಡಿದೆ. ಹಸಿ ರಾಗಿ ಅಂಬಲಿಯಂಥ ಸಿಹಿ ವಾಸನೆ, ತಿಳಿ ಕಂದು ಬಣ್ಣ.

ಮಧ್ಯಾಹ್ನ ಇನ್ನೊಂದು ಕಡೆ ಹೋದೆವು. ಅಲ್ಲಿ ಹಿಂಬದಿಯ ಅಂಗಳದಲ್ಲಿ ಮುಚ್ಚಳವಿಲ್ಲದ ಡ್ರಮ್ಮುಗಳು. ಮಳೆ ನೀರು ಬಿದ್ದು ಮೇಲೆ ನೊಣ. ಹತ್ತಿರ ಹೋಗುವಾಗಲೇ ವಿನೆಗರಿನಂಥ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಕೋಲಿನಿಂದ ಸರಿಸಿದರೆ ಬದಿಯಲ್ಲಿ ಹಸಿರು ಬೂಷ್ಟು. ಮೂರು ದಿನದ್ದು ಎಂದರು. "ಬೇಕಾದರೆ ತೆಗೆದುಕೊಂಡು ಹೋಗಿ ಅಕ್ಕ, ದುಡ್ಡು ಬೇಡ" ಎಂದ ಅಲ್ಲಿನ ಹುಡುಗ, ಒಳ್ಳೆಯ ಮನಸ್ಸಿನಿಂದಲೇ.

ಒಂದೇ ವಸ್ತು. ಒಂದು ಕಡೆ ಆಹಾರ, ಇನ್ನೊಂದು ಕಡೆ ವಿಷ. ನಡುವೆ ಇರುವುದು ಮೂರು ದಿನ ಮತ್ತು ಒಂದು ಮುಚ್ಚಳ. ನನ್ನ ಅಭಿಪ್ರಾಯವೆಲ್ಲ ಇದರ ಮೇಲೆಯೇ ನಿಂತಿದೆ. ಚರಟ ಒಳ್ಳೆಯದೋ ಕೆಟ್ಟದೋ ಎಂದು ವಾದ ಮಾಡುವುದರಿಂದ ಪ್ರಯೋಜನವಿಲ್ಲ. ಅದು ಯಾವ ದಿನದ್ದು, ಯಾರು ತಂದರು, ಯಾರು ನೋಡಿದರು ಎಂದು ಕೇಳಬೇಕು. ಇದನ್ನು ಒಬ್ಬೊಬ್ಬಳೇ ಕೇಳಿದರೆ ಆಗುವುದಿಲ್ಲ. ಸಂಘ ಕೇಳಬೇಕು.

ಒಬ್ಬಳೇ ಯಾಕೆ ಆಗುವುದಿಲ್ಲ ಎಂದು ನನ್ನ ಅನುಭವದಿಂದ ಹೇಳುತ್ತೇನೆ. ಈ ಪ್ರವಾಸಕ್ಕೂ ಕೆಲವು ವರ್ಷ ಮೊದಲು ಪಿಕಪ್ಪಿನಲ್ಲಿ ಡ್ರಮ್ಮು ತುಂಬಿಕೊಂಡು ಒಬ್ಬರು ನಮ್ಮೂರಿಗೆ ಬಂದಿದ್ದರು. "ಬಿಯರ್ ಬೂಸಾ, ಹಾಲು ಎರಡು ಲೀಟರ್ ಜಾಸ್ತಿ" ಎಂದರು. ನಾನು ಎರಡು ಡ್ರಮ್ಮು ತೆಗೆದುಕೊಂಡೆ. ಬೇಗ ಹಾಳಾಗುತ್ತದೆಂದು ಮೊದಲ ದಿನವೇ ಒಂದು ಹಸುವಿಗೆ ಎಂಟು ಕೆ.ಜಿ. ಹಾಕಿದೆ, ಹಿಂಡಿ ಪೂರ್ತಿ ನಿಲ್ಲಿಸಿದೆ. ಮೊದಲೆರಡು ದಿನ ಹಾಲು ಏರಿತು. ನಾಲ್ಕನೆಯ ದಿನ ಭೇದಿ ಶುರುವಾಯಿತು. ಹನ್ನೊಂದು ಲೀಟರಿನ ಹಸು ಆರಕ್ಕೆ ಇಳಿಯಿತು. ಫ್ಯಾಟು ಇಳಿದು ಸೊಸೈಟಿಯಲ್ಲಿ ರೇಟೂ ಇಳಿಯಿತು. ಡಾಕ್ಟರ ಖರ್ಚು ಬೇರೆ. ಪಿಕಪ್ಪಿನವರು ಮತ್ತೆ ಬರಲಿಲ್ಲ. ತಪ್ಪು ಅವರದ್ದು ಎಷ್ಟೋ ನನ್ನದೂ ಅಷ್ಟೇ. ಅದು ಎಷ್ಟು ದಿನದ್ದು ಎಂದು ನಾನು ಕೇಳಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒದ್ದೆ ಚರಟದಲ್ಲಿ ನೂರಕ್ಕೆ 75ರಿಂದ 80 ಭಾಗ ನೀರು. ಐದು ಕೆ.ಜಿ. ತಂದರೆ ಒಣ ಅಂಶ ಸುಮಾರು ಒಂದು ಕೆ.ಜಿ. ಮಾತ್ರ. ಆ ಒಣ ಅಂಶದಲ್ಲಿ ಪ್ರೋಟೀನು ಸುಮಾರು ಕಾಲು ಭಾಗ, ಅದು ಒಳ್ಳೆಯದೇ. ಆದರೆ ಪಿಷ್ಟವೆಲ್ಲ ಬಿಯರಿಗೆ ಹೋಗಿರುವುದರಿಂದ ಶಕ್ತಿ ಕಡಿಮೆ. ಹಾಗಾಗಿ ಐದು ಕೆ.ಜಿ. ಒದ್ದೆ ಚರಟ ಒಂದು ಕೆ.ಜಿ. ಹಿಂಡಿಯ ಜಾಗ ತುಂಬಬಹುದು, ಅದಕ್ಕಿಂತ ಹೆಚ್ಚಲ್ಲ. ಇದರಿಂದ ನನ್ನದೊಂದು ಸುಲಭ ಸೂತ್ರ: ಹಟ್ಟಿಗೆ ಬಂದು ಬೀಳುವಾಗ ಚರಟದ ದರ ಹಿಂಡಿಯ ದರದ ಐದನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ಹಿಂಡಿ ಕೆ.ಜಿ.ಗೆ 25 ರೂಪಾಯಿ ಎಂದಿಟ್ಟುಕೊಂಡರೆ ಚರಟಕ್ಕೆ ಗಾಡಿ ಬಾಡಿಗೆ ಸೇರಿ 5 ರೂಪಾಯಿ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಕೊಟ್ಟರೆ ನಾವು ನೀರಿಗೆ ದುಡ್ಡು ಕೊಟ್ಟಂತೆ. ಹಾಲಿಗೆ ನೀರು ಬೆರೆಸಿದರೆ ಪರೀಕ್ಷೆ ಮಾಡಿ ಹಿಡಿಯುವವರು ನಾವು. ನಾವು ಕೊಳ್ಳುವ ಆಹಾರದ ನೀರನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಡವೇ?

ಇನ್ನೊಂದು ಲೆಕ್ಕ. ಸಣ್ಣ ಬ್ರೂವರಿಯಲ್ಲಿ ಒಂದು ಸಲಕ್ಕೆ 500 ಲೀಟರ್ ಬಿಯರ್ ಮಾಡಿದರೆ ಸುಮಾರು ನೂರು ಕೆ.ಜಿ. ಒದ್ದೆ ಚರಟ ಬರುತ್ತದೆ. ಹಸುವಿಗೆ ಐದು ಕೆ.ಜಿ.ಯಂತೆ ಇಪ್ಪತ್ತು ಹಸುಗಳಿಗೆ, ಅದೂ ಒಂದು ದಿನಕ್ಕೆ. ನಾನು ಬೆಳ್ತಂಗಡಿ ಕಡೆಯವಳು, ಮಂಗಳೂರಿನಿಂದ ಸುಮಾರು 60 ಕಿ.ಮೀ. ನೂರು ಕೆ.ಜಿ. ಚರಟಕ್ಕೆ ಗಾಡಿ ಮಾಡಿಕೊಂಡು ಬಂದರೆ ನಗೆಪಾಟಲು. ಈ ಚರಟದಿಂದ ನನ್ನ ಊರಿನ ಮೇವಿನ ಕಷ್ಟ ತೀರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ವಾಮಂಜೂರು, ಗುರುಪುರ, ಫರಂಗಿಪೇಟೆಯಂಥ ಪೇಟೆಯಂಚಿನ ಊರುಗಳಲ್ಲಿ ಎರಡು ಮೂರು ಹಸು ಇಟ್ಟುಕೊಂಡವರಿಗೆ, ಹುಲ್ಲು ಬೆಳೆಯಲು ಐದು ಸೆಂಟ್ಸು ಜಾಗವೂ ಇಲ್ಲದವರಿಗೆ, ಇದು ದೊಡ್ಡ ಮಾತು. ದೂರದ ನಮಗೆ ಬೇಕಾದರೆ ದೊಡ್ಡ ಕಾರ್ಖಾನೆಗಳ ಚರಟ ಲಾರಿ ಲೆಕ್ಕದಲ್ಲಿ ಬರಬೇಕು, ಅದನ್ನು ಒಕ್ಕೂಟವೇ ಮಾಡಬೇಕು.

ಹಾಗಾದರೆ ನಾನು ಕೇಳುವುದೇನು? ಮೂರು ವಿಷಯ.

ಮೊದಲನೆಯದು, ಖರೀದಿ ಸಂಘದ ಹೆಸರಿನಲ್ಲಿ ಆಗಲಿ. ಪೇಟೆಯಂಚಿನ ಎರಡು ಮೂರು ಸಂಘಗಳು ಸೇರಿ ಒಂದು ಬ್ರೂವರಿಯ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಕುದಿಸಿದ ದಿನವೇ ಮುಚ್ಚಳವಿರುವ ಡ್ರಮ್ಮಿನಲ್ಲಿ ಕೊಡಬೇಕು, ಡ್ರಮ್ಮಿನ ಮೇಲೆ ದಿನಾಂಕ ಬರೆಯಬೇಕು, ಯೀಸ್ಟಿನ ಕೆಸರು ಬೆರೆಸಬಾರದು. ಸಂಜೆ ಹಾಲಿನ ಹೊತ್ತಿಗೆ ಸೊಸೈಟಿಯಲ್ಲೇ ಹಂಚಿದರೆ ಮರುದಿನಕ್ಕೆ ಉಳಿಯುವುದೇ ಇಲ್ಲ.

ಎರಡನೆಯದು, ಪರೀಕ್ಷೆ. ಬೂಷ್ಟು ಹಿಡಿದ ಆಹಾರದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹಸು ತಿಂದರೆ ಅದರ ಅಂಶ ಹಾಲಿಗೆ ಬರುತ್ತದೆ, ಹಾಲು ಕುದಿಸಿದರೂ ಹೋಗುವುದಿಲ್ಲ. ಕಾನೂನಿನ ಮಿತಿ ಒಂದು ಕೆ.ಜಿ. ಹಾಲಿಗೆ 0.5 ಮೈಕ್ರೋಗ್ರಾಮ್, ಅಂದರೆ ಕಣ್ಣಿಗೆ, ನಾಲಿಗೆಗೆ ಸಿಗುವಂಥದ್ದಲ್ಲ. ಒಬ್ಬಳ ಹಟ್ಟಿಯ ಬೂಷ್ಟು ಇಡೀ ಸೊಸೈಟಿಯ ಕ್ಯಾನಿಗೆ ಸೇರುತ್ತದೆ. ಆ ಹಾಲನ್ನು ಕುಡಿಯುವುದು ಪೇಟೆಯ ಮಕ್ಕಳು, ನಮ್ಮ ಮನೆಯ ಮಕ್ಕಳೂ ಕೂಡ. ಆದ್ದರಿಂದ ಚರಟವನ್ನು ಆಗಾಗ ಪರೀಕ್ಷೆಗೆ ಕಳುಹಿಸುವ ಜವಾಬ್ದಾರಿ ಒಕ್ಕೂಟ ಹೊರಬೇಕು.

ಮೂರನೆಯದು, ಹಾಕುವ ಕ್ರಮವನ್ನು ಹಾಕುವವಳಿಗೇ ಕಲಿಸಬೇಕು. ಒಂದು ಕೆ.ಜಿ.ಯಿಂದ ಶುರು ಮಾಡಿ ಎಂಟು ಹತ್ತು ದಿನದಲ್ಲಿ ಏರಿಸಬೇಕು. ಹತ್ತು ಲೀಟರಿನ ಹಸುವಿಗೆ ಐದಾರು ಕೆ.ಜಿ. ಸಾಕು. ಬೈಹುಲ್ಲು ಕಡಿಮೆ ಮಾಡಬಾರದು, ಮಾಡಿದರೆ ಫ್ಯಾಟು ಬೀಳುತ್ತದೆ. ಚರಟದಲ್ಲಿ ಸುಣ್ಣದ ಅಂಶ ಕಡಿಮೆ, ಹಾಗಾಗಿ ದಿನಕ್ಕೆ 50 ಗ್ರಾಮ್ ಖನಿಜ ಮಿಶ್ರಣ ತಪ್ಪಿಸಬಾರದು. ಸಣ್ಣ ಕರುಗಳಿಗೆ ಬೇಡ. ಹಾಲು ಕರೆದ ಮೇಲೆ ಹಾಕಬೇಕು, ಮೊದಲು ಹಾಕಿದರೆ ಹಾಲಿಗೆ ವಾಸನೆ ಹಿಡಿಯಬಹುದು. ನಮ್ಮ ಸೆಖೆಗೆ ಎರಡನೇ ದಿನದ ಸಂಜೆ ದಾಟಿದ ತೆರೆದ ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿಬಿಡಿ. ದುಡ್ಡು ಕೊಟ್ಟು ತಂದದ್ದಲ್ಲವೇ ಎಂಬ ಮೋಹ ಬೇಡ. ಹೆಚ್ಚು ದಿನ ಇಡಬೇಕಾದರೆ ಸೈಲೇಜಿನ ಹಾಗೆ ಗಾಳಿ ಆಡದಂತೆ ಡ್ರಮ್ಮಿನಲ್ಲಿ ಒತ್ತಿ ತುಂಬಿ ಪ್ಲಾಸ್ಟಿಕ್ ಕಟ್ಟಬೇಕು. ಅದನ್ನು ನೋಡಿ ಕಲಿತವರಿಂದ ಕಲಿತೇ ಮಾಡಬೇಕು.

ಈಗ ಹಿರಿಯಕ್ಕನ ವಿಷಯ. ಮೊದಲ ಜಾಗಕ್ಕೆ ಹೋದಾಗ ಅವರು ಒಳಗೆ ಬರಲಿಲ್ಲ. ಎದುರಿನ ಅಂಗಡಿಯ ಮಾಡಿನ ಕೆಳಗೆ ಕೊಡೆ ಬಿಡಿಸಿಕೊಂಡೇ ನಿಂತಿದ್ದರು. ನಾನು ಒಂದು ಹಿಡಿ ಚರಟ ತಂದು ಅವರ ಕೈಗೆ ಕೊಟ್ಟೆ. ಮೂಸಿ ನೋಡಿದರು, ಬೆರಳಲ್ಲಿ ತಿಕ್ಕಿ ನೋಡಿದರು. "ಒಳ್ಳೆಯದೇ ಉಂಟು" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಎಲ್ಲಿಂದ ಬಂತು ಎಂದು ಹಸುವಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತುಂಟಲ್ಲ."

ಅವರು ಗಂಡನ ಕುಡಿತಕ್ಕಾಗಿ ಎರಡು ಹಸು ಕಳೆದುಕೊಂಡವರು. ಒಂದನ್ನು ಮಾರಿ ಸಾಲ ತೀರಿಸಿದರು, ಇನ್ನೊಂದನ್ನು ಅವರಿಗೆ ಹೇಳದೆಯೇ ಮಾರಲಾಯಿತು. ಮಹಿಳಾ ಸಂಘ ಆದ ಮೇಲೆ, ಬಟವಾಡೆ ತಮ್ಮದೇ ಖಾತೆಗೆ ಬರಲು ಶುರುವಾದ ಮೇಲೆ, ಮೂರನೆಯ ಹಸು ಕಟ್ಟಿದರು. 1986-87ರಲ್ಲಿ ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ ಬಂದು, ಅದರ ಬಲದಿಂದ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಸಂಘಗಳು ಬೆಳೆದ ಕಥೆಯನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಅದರ ಅರ್ಥ ಏನೆಂದು ನನಗೆ ತಿಳಿದದ್ದು ಇಂಥವರಿಂದ.

ಅವರಿಗೆ ನಾನು ಏನು ಉತ್ತರ ಕೊಡಲಿ? "ಚರಟದಲ್ಲಿ ಮದ್ಯ ಇಲ್ಲ ಅಕ್ಕ" ಎಂದು ಹೇಳಿದೆ. ಅವರಿಗೆ ಅದು ಗೊತ್ತಿತ್ತು, ಅವರ ಮಾತು ಅದಲ್ಲ. ಆಮೇಲೆ ತುಂಬ ಯೋಚಿಸಿದೆ. ನನ್ನ ಮಟ್ಟಿಗೆ ನಾನು ತೀರ್ಮಾನಿಸಿದ್ದು ಹೀಗೆ: ನಾವು ಕೊಂಡರೂ ಕೊಳ್ಳದಿದ್ದರೂ ಅಲ್ಲಿ ಬಿಯರ್ ಕುದಿಯುತ್ತದೆ. ಕುಡಿತದಿಂದ ಹಾಳಾಗುವುದು ನಮ್ಮ ಮನೆ, ಪೌಷ್ಟಿಕವಾದ ಕಾಳು ಹೋಗುವುದು ಚರಂಡಿಗೆ. ಆ ಕಾಳಾದರೂ ನಮ್ಮ ಹಸುವಿಗೆ ಬರಲಿ. ಆದರೆ ಇದು ನನ್ನ ತೀರ್ಮಾನ. ಬೇಡ ಎನ್ನುವವಳಿಗೆ ಸಂಘ ಒತ್ತಾಯ ಮಾಡಬಾರದು, "ಹಳೆಯ ಕಾಲದವಳು" ಎಂದು ನಗಬಾರದು, ಅವಳ ಪಾಲಿನ ಹಿಂಡಿ ಕಡಿಮೆ ಮಾಡಬಾರದು. ಚರಟ ಕೊಟ್ಟರು ಎಂಬ ಕಾರಣಕ್ಕೆ ಬ್ರೂವರಿಯವರ ಬ್ಯಾನರು ನಮ್ಮ ಮಹಾಸಭೆಯಲ್ಲಿ ಕಟ್ಟಲೂಬಾರದು. ದುಡ್ಡು ಕೊಟ್ಟು ಸರಕು ತಂದರೆ ಸಾಕು.

ಇದಕ್ಕೆ ಅಡ್ಡಿ ಹೇಳುವವರು ಇನ್ನೂ ಇದ್ದಾರೆ. ಇಷ್ಟೆಲ್ಲ ತಲೆನೋವು ಯಾಕೆ, ಹಸಿರು ಹುಲ್ಲು ಬೆಳೆಸಿ, ಅಜೋಲ್ಲಾ ಮಾಡಿ ಎನ್ನುತ್ತಾರೆ. ಮಾಡಬೇಕು, ಹಸಿರು ಹುಲ್ಲಿಗೆ ಸಮ ಯಾವುದೂ ಇಲ್ಲ. ಆದರೆ ಜಾಗ ಇದ್ದವರ ಮಾತು ಅದು. ಜಾಗ ಇಲ್ಲದವಳು ಈಗಲೂ ಚರಟ ಕೊಳ್ಳುತ್ತಿದ್ದಾಳೆ, ನಾನು ಕೊಂಡ ಹಾಗೆ, ದಿನಾಂಕ ಕೇಳದೆ. ಸಂಘ ಕಣ್ಣು ಮುಚ್ಚಿಕೊಂಡರೆ ಚರಟ ನಿಲ್ಲುವುದಿಲ್ಲ, ಪಿಕಪ್ಪು ಬರುತ್ತಲೇ ಇರುತ್ತದೆ.

ಆ ಸೋಮವಾರ ರಾತ್ರಿ ಮತ್ತೆ ಮನೆಗೆ ಫೋನು ಮಾಡಿದೆ. ನನ್ನ ಕೈಯ ಹಸು ಅರ್ಧ ಹಾಲು ಕೊಟ್ಟಿತ್ತು, ಉಳಿದದ್ದು ಕೆಚ್ಚಲಲ್ಲೇ ಉಳಿಸಿಕೊಂಡಿತ್ತು. ಬೆಂಗಳೂರು ನೋಡಲಾಗಲಿಲ್ಲ. ಆದರೆ ಮುಂದಿನ ತರಬೇತಿಗಳಲ್ಲಿ ಕೋಣೆಯೊಳಗೆ ಸ್ಲೈಡು ತೋರಿಸುವ ಒಂದು ಗಂಟೆಯನ್ನು ತೆಗೆದು, ನಮ್ಮ ಪಶು ಆಹಾರ ಎಲ್ಲೆಲ್ಲಿಂದ ಬರುತ್ತದೋ ಆ ಜಾಗಗಳಿಗೆ ಕರೆದುಕೊಂಡು ಹೋಗಲಿ ಎಂದು ಒಕ್ಕೂಟವನ್ನು ಕೇಳುತ್ತೇನೆ. ಎಣ್ಣೆ ಮಿಲ್ಲು, ಅಕ್ಕಿ ಮಿಲ್ಲು, ಬೇಕಾದರೆ ಬಿಯರ್ ಮನೆ. ಬಾಗಿಲ ಹೊರಗೆ ನಿಲ್ಲುತ್ತೇನೆ ಎನ್ನುವವರು ನಿಲ್ಲಲಿ, ಅವರ ಕೈಗೆ ಒಂದು ಹಿಡಿ ತಂದು ತೋರಿಸೋಣ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ನಿಮ್ಮ ಊರಲ್ಲಿ ಚರಟ ಹಾಕುವವರು ಎಷ್ಟು ಮಂದಿ, ಎಲ್ಲಿಂದ ಬರುತ್ತದೆ, ಎಷ್ಟು ದರ ಕೊಡುತ್ತಾರೆ, ಎಷ್ಟು ದಿನದ್ದು ಎಂದು ಒಂದು ಕಾಗದದಲ್ಲಿ ಬರೆದು ಕಾರ್ಯದರ್ಶಿಯ ಕೈಗೆ ಕೊಡಿ. ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಿರಿ. ಎಷ್ಟು ಮಂದಿ ಹಾಗೆ ಬರೆಯುತ್ತಾರೆ ಎಂದು ಒಕ್ಕೂಟಕ್ಕೂ ತಿಳಿಯಲಿ.